ಮೆಟ್ಟಿಲ ಪಕ್ಕದ ಗೋಡೆ

ಫೆಬ್ರವರಿ ೩, ಸೋಮವಾರ

ಮಹಾಜನರೇ!

ಮಹಾಜನರು ಯಾರೂ ಇಲ್ಲ, ಈ ನೋಟುಪುಸ್ತಕದ ಇಪ್ಪತ್ತಾರು ಗೆರೆಗಳಿವೆ. ಇರಲಿ, ಗೆರೆಗೊಬ್ಬರಂತೆ ಬಂದು ಕೂತಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ಇಪ್ಪತ್ತೆರಡು ವರ್ಷ ಓಡಿದ ನಮ್ಮ ಸಂಸಾರ ನಾಟಕಕ್ಕೆ ಇವತ್ತು ಬೆಳಿಗ್ಗೆ ಹನ್ನೊಂದೂಕಾಲಿಗೆ ನ್ಯಾಯಾಧೀಶರು ಒಂದು ಸಹಿ ಹಾಕಿ ಪರದೆ ಎಳೆದರು. ಚಪ್ಪಾಳೆಯಿಲ್ಲ, ಶಿಳ್ಳೆಯಿಲ್ಲ. ಹೊರಗೆ ಬಂದಾಗ ನಾಯಕರು, ಇನ್ನು ಮುಂದೆ ಮಾಜಿ ನಾಯಕರು, "ಬಸ್ಸಿಗೆ ಚಿಲ್ಲರೆ ಇದೆಯಾ?" ಎಂದು ಕೇಳಿದರು. ಹತ್ತೊಂಬತ್ತು ವರ್ಷದಿಂದ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಗುಡುಗುವವಳನ್ನು ಕೇಳುವ ಮಾತೇ ಅದು! ಇದೆ ಎಂದೆ.

ಒಪ್ಪಂದ ಹೀಗಿದೆ. ಮನೆ ನನಗೆ. ಆದರೆ ಮನೆಯ ಮೇಲೆ ಇಬ್ಬರ ಹೆಸರಿನ ಹಳೆಯ ಸಾಲ ಇನ್ನೂ ಕಾಲು ಚಾಚಿ ಕೂತಿದೆ. ಮೇ ಮೂವತ್ತೊಂದರೊಳಗೆ ನಾನೊಬ್ಬಳೇ ಮನೆಯನ್ನು ಮತ್ತೆ ಅಡವಿಟ್ಟು, ಹೊಸ ಸಾಲ ತಂದು, ಹಳೆಯದನ್ನು ತೀರಿಸಿ, ಅವರ ಹೆಸರನ್ನು ಬಿಡಿಸಬೇಕು. ಆಗಲಿಲ್ಲವೋ, ಮನೆ ಮಾರಿ ಅರ್ಧ ಅರ್ಧ.

ಇನ್ನು ಖಳನಾಯಕನ ಪ್ರವೇಶ: ಮೆಟ್ಟಿಲ ಪಕ್ಕದ ಗೋಡೆ. ಅದರಲ್ಲಿ ತಾರಸಿಯಿಂದ ಕೆಳಕ್ಕೆ ಇಳಿದು ಬಂದ ಬಿರುಕು ಮೂರು ವರ್ಷದ ಹಿಂದೆ ಕೂದಲೆಳೆಯಷ್ಟಿತ್ತು. ಈಗ ನನ್ನ ಕಿರುಬೆರಳನ್ನು ನುಂಗುತ್ತದೆ. ಹೊಸ ಸಾಲದಲ್ಲೇ ಈ ಗೋಡೆಯ ರಿಪೇರಿಯೂ ಆಗಬೇಕು. ಆಗದಿದ್ದರೆ ಮನೆಯನ್ನು ಉಳಿಸಿಕೊಂಡೂ ಅದು ತಲೆಯ ಮೇಲೆ ಬೀಳುವುದನ್ನು ಕಾಯುತ್ತ ಕೂರಬೇಕು.

ಹೆದರಿಕೆಯೇ? ನನಗೆ? ನನ್ನಪ್ಪ ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದವರು. ಅವರು ಬರೆದ ಕಾಡಿನ ಹಿಂದೆ ನಿಂತು ತಗಡು ಅಲ್ಲಾಡಿಸಿ ಏಳನೇ ವಯಸ್ಸಿಗೇ ಸಿಡಿಲು ಹೊಡೆಸಿದವಳು ನಾನು. ಕಂಪನಿಯವರೆಲ್ಲ ನನ್ನನ್ನು ಗುಡುಗಮ್ಮ ಎಂದೇ ಕರೆಯುತ್ತಿದ್ದರು. ಎರಡನೇ ಅಂಕ ನನ್ನದು. ನೋಡುತ್ತಿರಿ!

ಫೆಬ್ರವರಿ ೮, ಶನಿವಾರ

ಬೆಳಿಗ್ಗೆ ಮೇಸ್ತ್ರಿ ಬಂದರು. ಅರವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಗಿಡ್ಡ ಪೆನ್ಸಿಲ್ಲು. ನಲವತ್ತು ವರ್ಷ ಸುತ್ತಿಗೆ ಹೊಡೆದೂ ಹೊಡೆದೂ ಆ ಕಿವಿ ಪೆನ್ಸಿಲ್ಲು ಇಡುವುದನ್ನು ಬಿಟ್ಟರೆ ಬೇರೆ ಕೆಲಸಕ್ಕೆ ಬಾರದ ಹಾಗಾಗಿದೆ. ನಾನು ಬಿರುಕಿನ ಚರಿತ್ರೆಯನ್ನೆಲ್ಲ ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತ ನಿಂತು, "ಏನಂದ್ರಿ ಅಕ್ಕಾ?" ಎಂದರು. ಮತ್ತೆ ಮೊದಲಿಂದ ಹೇಳಿದೆ. "ಏನಂದ್ರಿ?"

ಕೊನೆಗೆ ಅಡುಗೆಮನೆಯಿಂದ ಚಿಕ್ಕಮ್ಮ ಬಂದು, ನನ್ನ ಮಾತನ್ನು ಒಂದೊಂದಾಗಿ ಎತ್ತಿ ಅವರ ಕಿವಿಗೆ ಎಸೆದಳು. ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಅದೇ ಕಂಪನಿಯಲ್ಲಿ ಮೂವತ್ತು ವರ್ಷ ಮೀಸೆ ಅಂಟಿಸಿಕೊಂಡು ರಾಜನಾಗಿ, ರಾಕ್ಷಸನಾಗಿ ಮೆರೆದವಳು. ಹೋದ ವರ್ಷ ಮಾಜಿ ನಾಯಕರು ಬೇರೆ ಮನೆ ಮಾಡಿದ ಮರುದಿನವೇ ಟ್ರಂಕು ಹಿಡಿದು ಬಂದು ನನ್ನ ಜೊತೆ ನಿಂತಿದ್ದಾಳೆ.

"ಮೈಕಲ್ಲಿ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯ. ಮನೇಲಿ ಯಾಕೇ ಗುಬ್ಬಚ್ಚಿ ಥರ ಗೊಣಗ್ತೀಯ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

ಅಭ್ಯಾಸ, ಅಷ್ಟೆ. ಮಾಜಿ ನಾಯಕರಿಗೆ ಗಟ್ಟಿ ದನಿ ಆಗುತ್ತಿರಲಿಲ್ಲ. ಬೈದವರಲ್ಲ, ಪಾಪ. ಅಂಗೈಯನ್ನು ನೆಲದ ಕಡೆ ಮಾಡಿ ಎರಡು ಸಲ ಅಲ್ಲಾಡಿಸಿ "ಮೆಲ್ಲಗೆ" ಅನ್ನುತ್ತಿದ್ದರು. ಮೊದಲ ವರ್ಷ ದಿನಕ್ಕೆ ಹತ್ತು ಸಲ. ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. ಮನೆಯಲ್ಲಿ ಮಾತಾಡಲಾಗದ್ದನ್ನೆಲ್ಲ ಇಂಥ ನೋಟುಪುಸ್ತಕಗಳಲ್ಲಿ ಮಾತಾಡಿದ್ದೇನೆ. ಇದು ಹದಿನೇಳನೆಯದು.

ಮೇಸ್ತ್ರಿ ಏಣಿ ಹತ್ತಿ, ಬಿರುಕಿಗೆ ಅಡ್ಡಲಾಗಿ ಮೂರು ಕಡೆ ತೆಳ್ಳನೆಯ ಗಾಜಿನ ಪಟ್ಟಿಗಳನ್ನು ಸಿಮೆಂಟಿನಿಂದ ಅಂಟಿಸಿ, ಪ್ರತಿಯೊಂದರ ಪಕ್ಕದಲ್ಲೂ ಇವತ್ತಿನ ತಾರೀಕು ಬರೆದರು. "ಗೋಡೆ ನಿಂತಿದ್ರೆ ಗಾಜು ಇರುತ್ತೆ. ಗೋಡೆ ಇನ್ನೂ ನಡೀತಾ ಇದ್ರೆ ಗಾಜು ಒಡೆಯುತ್ತೆ. ಗಾಜು ಸುಳ್ಳು ಹೇಳಲ್ಲ" ಎಂದರು. ಎಂಥ ಸಂಭಾಷಣೆ! ಈ ಮನುಷ್ಯ ತಪ್ಪಿ ಗಾರೆ ಕೆಲಸಕ್ಕೆ ಬಂದಿದ್ದಾರೆ.

ಫೆಬ್ರವರಿ ೨೧, ಶುಕ್ರವಾರ

ಬ್ಯಾಂಕಿಗೆ ಅರ್ಜಿ ಕೊಟ್ಟೆ. ಮ್ಯಾನೇಜರ್ ಹೆಂಗಸು, ನನಗಿಂತ ಚಿಕ್ಕವರು, ಕನ್ನಡಕದ ಮೇಲಿಂದ ನೋಡುವವರು. ಅರ್ಜಿಯಲ್ಲಿ "ಸಾಲದ ಉದ್ದೇಶ" ಎಂಬಲ್ಲಿ ದುಂಡಗೆ ಬರೆದೆ: ಹಳೆಯ ಸಾಲ ತೀರಿಸಲು, ಮತ್ತು ಮೆಟ್ಟಿಲ ಪಕ್ಕದ ಗೋಡೆಯ ಬಿರುಕು ರಿಪೇರಿಗೆ. ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ಇಂಜಿನಿಯರ್ ಮಾರ್ಚ್ ಆರಕ್ಕೆ ಬರುತ್ತಾರಂತೆ.

ಸಂಜೆ ಮಾಜಿ ನಾಯಕರ ಫೋನು. "ಬಿರುಕು ಕಣ್ಣಿಗೆ ಬಿದ್ರೆ ಯಾವ ಬ್ಯಾಂಕೂ ಆ ಮನೆ ಮೇಲೆ ಸಾಲ ಕೊಡಲ್ಲ. ಸುಮ್ನೆ ಒದ್ದಾಡ್ಬೇಡ. ಮಾರಿಬಿಡೋಣ, ನಿಂಗೇ ಹಗುರ." ಒಳ್ಳೆಯ ಮಾತೇ. ಅವರ ಮಾತೆಲ್ಲ ಒಳ್ಳೆಯವೇ. ಹೂಂ ಎಂದು ಇಟ್ಟೆ.

ಕಣ್ಣಿಗೆ ಬಿದ್ದರೆ ತಾನೆ?

ಮಾರ್ಚ್ ೨, ಭಾನುವಾರ

ಉಪಾಯ ಹೊಳೆದಿದೆ! ಪರದೆ ಬರೆಯುವವರ ಮಗಳಿಗೆ ಗೋಡೆ ಒಂದು ಲೆಕ್ಕವೇ!

ಅಪ್ಪ ಹೇಳುತ್ತಿದ್ದರು, ಅರಮನೆ ಬರೆಯುವುದು ಸುಲಭ, ಕಾಡು ಇನ್ನೂ ಸುಲಭ, ನೋಡುವವರು ಅರ್ಧವನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ. ಬರೀ ಗೋಡೆಯನ್ನು ಗೋಡೆಯ ಹಾಗೆ ಬರೆಯುವವನೇ ಕಲಾವಿದ ಎಂದು. ನಾನು ಅವರ ಡಬ್ಬ ತೊಳೆದವಳು, ಬಣ್ಣ ಕಲಸಿದವಳು, ಕುಂಚ ಹಿಡಿದವಳು. ಟ್ರಂಕಿನಿಂದ ಚಿಕ್ಕಮ್ಮ ಹಳೆಯ ಪರದೆಯ ದಪ್ಪ ಬಟ್ಟೆ ತೆಗೆದಳು. ಒಂದು ಬದಿಯಲ್ಲಿ ದರ್ಬಾರಿನ ಕಂಬಗಳು ಮಾಸಿ ಹೋಗಿವೆ, ಇನ್ನೊಂದು ಬದಿ ಖಾಲಿ. ಗಂಜಿ ಕಾಯಿಸಿ ಬಟ್ಟೆಯನ್ನು ಬಿರುಕಿನ ಮೇಲೆ ಬಿಗಿಯಾಗಿ ಅಂಟಿಸಿದೆವು. ಗಾಜಿನ ಪಟ್ಟಿಗಳು ಉಬ್ಬಿ ಕಾಣದ ಹಾಗೆ ಅಂಚಿಗೆ ಹತ್ತಿ ತುಂಬಿದೆ.

ಆಮೇಲೆ ಬಣ್ಣ. ಅಯ್ಯೋ, ಆ ಬಣ್ಣ! ಬಿಳಿಗೆ ಒಂದು ಚಿಟಿಕೆ ಹಳದಿ, ಅರ್ಧ ಚಿಟಿಕೆ ಬೂದಿ. ಇಪ್ಪತ್ತೆರಡು ವರ್ಷದ ಕೈ ಒರೆಸಿದ ಮಾಸಲು ಬೇಕಲ್ಲ, ಅದಕ್ಕೆ ಕಾಫಿಯ ಗಸಿ. ಕಿಟಕಿಯ ಸರಳುಗಳ ನೆರಳು ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿ ಬೀಳುತ್ತದೋ ಅಲ್ಲೇ ಬಿದ್ದ ಹಾಗೆ ಬರೆದೆ. ಒಂದು ಮೊಳೆಯ ತೂತನ್ನೂ ಬರೆದೆ. ಚಿಕ್ಕಮ್ಮ ಅದಕ್ಕೆ ಮೊಳೆ ಸಿಕ್ಕಿಸಿ ಕ್ಯಾಲೆಂಡರ್ ತಗುಲಿಸಲು ಹೋಗಿ, ಕ್ಯಾಲೆಂಡರ್ ಕೆಳಗೆ ಬಿದ್ದು, ಇಬ್ಬರೂ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಸೆರಗು ಬಾಯಿಗೊತ್ತಿಕೊಂಡೇ ನಕ್ಕೆ.

ಮಾರ್ಚ್ ೬, ಗುರುವಾರ

ವಿಜಯ! ದಿಗ್ವಿಜಯ! ಇಂಜಿನಿಯರ್ ಸರಿಯಾಗಿ ಹತ್ತು ಗಂಟೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಅಂಗೈಯಗಲದ ಅಳತೆಯ ಯಂತ್ರ, ಪ್ರತಿ ಕೋಣೆಗೂ ಒಂದು "ಹ್ಞೂಂ". ಪ್ರೇಕ್ಷಕ ಮೊದಲ ಸಾಲಿಗಿಂತ ಮುಂದೆ ಬಂದರೆ ಯಾವ ಪರದೆಯೂ ಬಾಳುವುದಿಲ್ಲ. ಹಾಗಾಗಿ ಕಾಫಿ ತಟ್ಟೆ ಹಿಡಿದು ನಾಲ್ಕನೇ ಮೆಟ್ಟಿಲ ಮೇಲೆ ನಾನೇ ನಿಂತೆ. ಅವರು ಕೆಳಗಿನಿಂದಲೇ ಗೋಡೆಯನ್ನು ನೋಡಿದರು. ಫೋಟೋ ತೆಗೆದರು. "ಮನೆ ಹಳೇದಾದ್ರೂ ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದರು.

ಅಪ್ಪಾ, ಕೇಳಿಸಿತೇ?

ಮಾರ್ಚ್ ೧೯, ಬುಧವಾರ

ಸಾಲ ಇಲ್ಲ.

ಮ್ಯಾನೇಜರ್ ಎರಡು ಕಾಗದ ಪಕ್ಕ ಪಕ್ಕ ಇಟ್ಟರು. "ಗೋಡೆಯ ಬಿರುಕು ರಿಪೇರಿಗೆ ಅಂತ ನೀವು ಬರೆದಿದ್ದೀರಿ. ಗೋಡೆಯಲ್ಲಿ ಬಿರುಕೇ ಇಲ್ಲ, ಸುಸ್ಥಿತಿಯಲ್ಲಿದೆ ಅಂತ ಇಂಜಿನಿಯರ್ ಬರೆದಿದ್ದಾರೆ, ಫೋಟೋ ಸಮೇತ. ಇಲ್ಲದ ಬಿರುಕಿಗೆ ದುಡ್ಡು ಕೇಳಿದವರಿಗೆ ಹಳೇ ಸಾಲ ತೀರಿಸೋಕೆ ತಾನೇ ಹೇಗೆ ಕೊಡ್ಲಿ?"

ಚೀಲ ಎತ್ತಿಕೊಂಡು ಬಂದು ಬಸ್ಸು ಹತ್ತಿದೆ.

ಮಾರ್ಚ್ ೨೦, ಗುರುವಾರ

ಚಿಕ್ಕಮ್ಮ ಒಂದು ಗಂಟೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಎಲೆಕೋಸು ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು: "ಇಂಜಿನಿಯರ್‌ದೇನು ತಪ್ಪು ಬಿಡು. ವರ್ಷಕ್ಕೆರಡು ಸಲ ಬಂದು ನಾನೇ ನಿಮ್ಮಿಬ್ಬರ ಸಂಸಾರ ನೋಡ್ಕೊಂಡು ಹೋಗ್ತಿದ್ನಲ್ಲೇ. ಮೂವತ್ತು ವರ್ಷ ಬಣ್ಣ ಹಚ್ಚಿದವಳು ನಾನು. ನಂಗೂ ಗೊತ್ತಾಗ್ಲಿಲ್ಲ."

ಎಲೆಕೋಸು ಸಣ್ಣಗೆ ಹೆಚ್ಚು ಎಂದು ಹೇಳಿ ಎದ್ದು ಬಂದೆ.

ಮಾರ್ಚ್ ೨೨, ಶನಿವಾರ

ಗಾಜು ನೋಡಲು ಮೇಸ್ತ್ರಿ ಬಂದರು. ಬಂದವರು ಗೋಡೆಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಗೋಡೆಯನ್ನು ನೋಡಿ, ಏಣಿ ಹತ್ತಿ ಬೆರಳಿನಲ್ಲಿ ತಟ್ಟಿದರು. ಬಟ್ಟೆ ತಮಟೆಯ ಹಾಗೆ ಸದ್ದು ಮಾಡಿತು.

"ಯಾರು ಮಾಡಿದ್ದು ಇದು?"

"ನಾನೇ" ಎಂದೆ.

"ಯಾರು?"

"ನಾನೇ ಮೇಸ್ತ್ರಿ."

"ಕೇಳಿಸ್ಲಿಲ್ಲ ಅಕ್ಕಾ."

ಚಿಕ್ಕಮ್ಮ ಅಂಗಡಿಗೆ ಹೋಗಿದ್ದಳು. ಬೇರೆ ದಾರಿಯಿರಲಿಲ್ಲ. "ನಾನೇ ಮಾಡಿದ್ದು ಮೇಸ್ತ್ರೀ!" ಎಂದು ಕೂಗಿದೆ. ಅಟ್ಟದ ಮೇಲಿನ ಪಾತ್ರೆ ಝಣ್ ಎಂದಿತು. ಮೇಸ್ತ್ರಿ ತಲೆಯಾಡಿಸಿದರು.

"ಕೆಲಸ ಚೆನ್ನಾಗಿದೆ. ಆದ್ರೆ ಗಾಜು ಇಟ್ಟಿದ್ದು ನೋಡೋಕೆ ಅಕ್ಕಾ, ಮುಚ್ಚೋಕಲ್ಲ. ಇದರ ಹಿಂದೆ ಗೋಡೆ ಎಷ್ಟು ದೂರ ಹೋಗಿದ್ಯೋ ಯಾರಿಗ್ಗೊತ್ತು?"

ಕೀಳಲಾ ಎಂದು ಕೇಳಿದರು. ಬೇಡ ಎಂದೆ. ಅದನ್ನು ಕೀಳುವಾಗ ಇನ್ನೊಬ್ಬರು ಎದುರಿಗಿರಬೇಕು.

ಮಾರ್ಚ್ ೨೪, ಸೋಮವಾರ

ಬ್ಯಾಂಕಿಗೆ ಹೋದೆ. ಬಸ್ಸಿನಲ್ಲಿ ನಲವತ್ತು ನಿಮಿಷ ಭಾಷಣ ಕಟ್ಟಿದ್ದೆ. ಅಪ್ಪನ ಕುಂಚ, ಕಂಪನಿಯ ವೈಭವ, ಒಂಟಿ ಹೆಣ್ಣಿನ ಸಂಕಟ, ಕಲೆಯ ಅಪರಾಧ, ಕೊನೆಯಲ್ಲಿ ಕ್ಷಮಾಯಾಚನೆ, ಕಲ್ಲೂ ಕರಗಬೇಕು. ಎದ್ದು ನಿಂತು ಶುರು ಮಾಡಿದೆ. ಕುಂಚದಿಂದ ವೈಭವಕ್ಕೆ ದಾಟುವಷ್ಟರಲ್ಲಿ ಮ್ಯಾನೇಜರ್ ಕನ್ನಡಕ ತೆಗೆದಿಟ್ಟರು.

"ಅಮ್ಮಾ, ಕೂತ್ಕೊಳ್ಳಿ. ಒಂದೇ ಪ್ರಶ್ನೆ. ಬಿರುಕು ಇದೆಯೋ, ಇಲ್ವೋ?"

"ಇದೆ."

"ಮುಚ್ಚಿದ್ದು ನೀವೇನಾ?"

"ಹೌದು."

"ಯಾಕೆ?"

"ಕಂಡರೆ ಕೊಡಲ್ಲ ಅಂದ್ಕೊಂಡೆ."

"ಬಿರುಕು ರಿಪೇರಿ ಸಾಲವನ್ನ ಬಿರುಕು ನೋಡದೆ ಹೇಗಮ್ಮಾ ಕೊಡೋದು?" ಎಂದು ಅವರು ತುಟಿ ಕಚ್ಚಿ ಆಚೆ ನೋಡಿದರು. ನಗು ತಡೆಯುತ್ತಿದ್ದರು ಎಂದು ನನ್ನ ಅನುಮಾನ. ಆಮೇಲೆ ಮುಖ ಬಿಗಿ ಮಾಡಿಕೊಂಡು, ಹೀಗೆ ಮಾಡಿದವರ ಅರ್ಜಿ ಹರಿದು ಹಾಕುವುದು ವಾಡಿಕೆ, ನೀವಾಗಿಯೇ ಬಂದು ಹೇಳಿದ್ದರಿಂದ ಇಂಜಿನಿಯರನ್ನು ಇನ್ನೊಂದು ಸಲ ಕಳಿಸುತ್ತೇನೆ, ಗೋಡೆ ಸರಿ ಮಾಡಿದರೆ ನಿಲ್ಲುತ್ತದೆ ಎಂದು ಅವರು ಬರೆದರೆ ಮಾತ್ರ ಮುಂದಿನ ಮಾತು ಎಂದರು.

ನನ್ನ ಪಾತ್ರ ಐದೇ ಶಬ್ದದಲ್ಲಿ ಮುಗಿಯಿತು. ಅಷ್ಟು ಒಳ್ಳೆಯ ಭಾಷಣ ವ್ಯರ್ಥ.

ಏಪ್ರಿಲ್ ೩, ಗುರುವಾರ

ಇಂಜಿನಿಯರ್ ಬಂದರು. ಕಾಫಿ ಬೇಡ ಎಂದರು. ಮುಖ ಊದಿಕೊಂಡಿತ್ತು. "ಹದಿನೆಂಟು ವರ್ಷದ ಸರ್ವೀಸು ಮೇಡಂ. ಆಫೀಸಲ್ಲಿ ಎಲ್ರೂ ನನ್ನ ಟೇಬಲ್ಲು ತಟ್ಟಿ, ಇದು ನಿಜವಾದ ಟೇಬಲ್ಲಾ ಅಂತ ಕೇಳ್ತಿದ್ದಾರೆ."

ನಾನು ಏಣಿ ಹತ್ತಿ, ಬಟ್ಟೆಯ ಮೇಲಂಚಿಗೆ ಉಗುರು ಹಾಕಿ ಎಳೆದೆ. ಪರ್‍ರ್ ಎಂದು ಕೆಳಗಿನ ತನಕ ಬಂತು. ಕಿಟಕಿಯ ನೆರಳು, ಮೊಳೆಯ ತೂತು, ಎಲ್ಲ ಸುರುಳಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಬಿತ್ತು.

ಮೂರು ಗಾಜಿನಲ್ಲಿ ಎರಡು ಒಡೆದಿದ್ದವು. ಪಕ್ಕದಲ್ಲಿ ಮೇಸ್ತ್ರಿಯ ಪೆನ್ಸಿಲ್ಲಿನ ತಾರೀಕು. ಫೆಬ್ರವರಿ ೮.

ಇಂಜಿನಿಯರ್ ಸಿಟ್ಟು ಮರೆತು ಏಣಿ ಹತ್ತಿದರು. "ಇದನ್ನ ಯಾರು ಅಂಟಿಸಿದ್ದು? ಬಲ್ಲವರು. ಮೇಲಿನ ಎರಡು ಹೋಗಿವೆ, ಕೆಳಗಿನದು ಗಟ್ಟಿಯಾಗಿದೆ. ಅಂದ್ರೆ ತಳಪಾಯ ಕೂತಿಲ್ಲ ಮೇಡಂ. ತಾರಸಿ ನೀರು ಇಳಿದು ಮೇಲಿನ ಅರ್ಧ ಮಾತ್ರ ಹೊರಕ್ಕೆ ವಾಲ್ತಿದೆ. ಅಷ್ಟನ್ನ ಬಿಚ್ಚಿ ಕಟ್ಟಿದ್ರೆ ನಿಲ್ಲುತ್ತೆ." ಬರೆದುಕೊಂಡರು. ಈ ಸಲ ಹತ್ತಿರದಿಂದ ಒಂಬತ್ತು ಫೋಟೋ.

ಹೋಗುವಾಗ ಬಾಗಿಲಲ್ಲಿ ನಿಂತು, "ಆ ಮೊಳೆ ತೂತೂ ಬರೆದಿದ್ದೇನಾ?" ಎಂದು ಕೇಳಿದರು. ಹೌದು ಎಂದೆ. "ಛೇ!" ಎಂದು ಹೋದರು.

ಏಪ್ರಿಲ್ ೧೧, ಶುಕ್ರವಾರ

ಗಾಜು ಒಡೆದದ್ದನ್ನು ನೋಡಿದ ಮೇಸ್ತ್ರಿ, ಸಾಲ ಬರುವವರೆಗೆ ಕಾಯುವ ಹಾಗಿಲ್ಲ ಎಂದು ನಾಲ್ಕು ಕಬ್ಬಿಣದ ಕಂಬ ತಂದು ತಾರಸಿಗೆ ಆಸರೆ ಕೊಟ್ಟಿದ್ದಾರೆ. ಮೆಟ್ಟಿಲು ಹತ್ತಲು ಈಗ ಮೈಯನ್ನು ಓರೆ ಮಾಡಿ ನುಸುಳಬೇಕು. ನಿಲ್ದಾಣದಿಂದ ಬಂದವಳೇ ದಿನಾ ಒಂದು ತಾಸು ಮೇಸ್ತ್ರಿಯ ಜೊತೆ ವಾದ. ಇಟ್ಟಿಗೆ ಎಷ್ಟು, ಮರಳು ಯಾವುದು, ತಾರಸಿಯ ನೀರು ಯಾವ ಕಡೆ ಹರಿಯಬೇಕು. ಅವರು ಮೇಲೆ, ನಾನು ಕೆಳಗೆ. ಚಿಕ್ಕಮ್ಮ ನಡುವೆ ಬರುವುದನ್ನು ಬಿಟ್ಟಿದ್ದಾಳೆ; ಈಗ ಬಾಗಿಲು ಹಾಕಿಕೊಂಡು ರೇಡಿಯೋ ಕೇಳುತ್ತಾಳೆ.

ಏಪ್ರಿಲ್ ೧೭, ಗುರುವಾರ

ಮಾಜಿ ನಾಯಕರ ಫೋನು. ಮನೆ ಕೊಳ್ಳುವವರು ಸಿಕ್ಕಿದ್ದಾರಂತೆ, ಒಳ್ಳೆಯ ಜನವಂತೆ, ಗೋಡೆ ಹೇಗಿದ್ದರೂ ಪರವಾಗಿಲ್ಲವಂತೆ. ಕೆಡವಿ ಬೇರೆ ಕಟ್ಟುತ್ತಾರಂತೆ.

"ಬೇಡ" ಎಂದೆ.

"ಯೋಚನೆ ಮಾಡಿ ಹೇಳು."

"ಮಾಡಿದೀನಿ. ಬೇಡ."

ಬಸ್ಸಿನ ಹೊತ್ತಾಗಿತ್ತು, ಇಟ್ಟೆ.

ಏಪ್ರಿಲ್ ೨೯, ಮಂಗಳವಾರ

ಇಂಜಿನಿಯರ್ ಬರೆದ ವರದಿ ಒಪ್ಪಿಗೆಯಾಗಿದೆ. ಇನ್ನು ಮಾಜಿ ನಾಯಕರ ಒಪ್ಪಿಗೆ ಪತ್ರ ಒಂದು ಬೇಕಿತ್ತು. ಬೆಳಿಗ್ಗೆ ಅವರೇ ಬಂದರು, ಉಳಿದ ಪುಸ್ತಕಗಳನ್ನು ಒಯ್ಯುವುದೂ ಆಗುತ್ತದೆ ಎಂದು. ತೆಳ್ಳಗಾಗಿದ್ದಾರೆ. ಕಂಬಗಳ ನಡುವೆ ನುಸುಳಿ ಕುರ್ಚಿಯಲ್ಲಿ ಕೂತು, ಓದಿ, ಒಂದೊಂದೇ ಪುಟಕ್ಕೆ ಅಚ್ಚುಕಟ್ಟಾಗಿ ಸಹಿ ಹಾಕಿದರು. ಅಕ್ಷರ ಮೊದಲಿಂದಲೂ ಚೆನ್ನ.

ಅದೇ ಹೊತ್ತಿಗೆ ತಾರಸಿಯಲ್ಲಿ ಮೇಸ್ತ್ರಿ ಹಳೆಯ ಗಾರೆ ಕೆರೆಯುತ್ತ ನೀರಿನ ಪೈಪಿನ ಕಡೆಗೇ ಹೋಗುತ್ತಿರುವುದು ಸದ್ದಿನಲ್ಲೇ ತಿಳಿಯಿತು. "ಮೇಸ್ತ್ರೀ! ಎಡಕ್ಕೆ ಬೇಡ, ಪೈಪಿದೆ!" ಎಂದೆ. ತಿರುಗಿ ನೋಡಿದರೆ ಇವರು ಅಂಗೈಯನ್ನು ಕೆಳಗೆ ಮಾಡಿ ಅಲ್ಲಾಡಿಸುತ್ತ ಏನೋ ಹೇಳುತ್ತಿದ್ದರು. ಸುತ್ತಿಗೆಯ ಸದ್ದಿಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದೆ. "ಏನಿಲ್ಲ" ಎಂದರು. ಮೂರನೇ ಪುಟದಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು, ತೋರಿಸಿ ಹಾಕಿಸಿಕೊಂಡೆ. ಪುಸ್ತಕದ ಪೆಟ್ಟಿಗೆಗೆ ಹಗ್ಗ ಕಟ್ಟಿಕೊಟ್ಟೆ.

ಪೈಪು ಉಳಿಯಿತು.

ಮೇ ೯, ಶುಕ್ರವಾರ

ಸಾಲ ಮಂಜೂರಾಯಿತು. ಹದಿನಾಲ್ಕು ಸಹಿ, ಎಲ್ಲವೂ ನನ್ನವೇ. ಹಳೆಯ ಸಾಲ ಇವತ್ತೇ ಮುಗಿಸಿದರು. ರಿಪೇರಿಯ ಭಾಗವನ್ನು ಎರಡು ಕಂತಲ್ಲಿ ಕೊಡುತ್ತಾರಂತೆ: ಅರ್ಧ ಈಗ, ಅರ್ಧ ಗೋಡೆ ಎದ್ದ ಮೇಲೆ ಇಂಜಿನಿಯರ್ ನೋಡಿ ಸರಿ ಎಂದರೆ. ಹದಿನೈದು ವರ್ಷ ತೀರಿಸಬೇಕು. ತೀರಿಸುತ್ತೇನೆ. ಆ ಹೊತ್ತಿಗೆ ನನಗೆ ಅರವತ್ತೈದು. ಚಿಕ್ಕಮ್ಮನಿಗೆ ಎಷ್ಟೆಂದು ಅವಳು ಯಾರಿಗೂ ಹೇಳಿಲ್ಲ.

ಮೇ ೨೦, ಮಂಗಳವಾರ

ಗೋಡೆಯ ಮೇಲರ್ಧ ಬಿಚ್ಚಿದರು. ಮೆಟ್ಟಿಲ ಮೇಲೆ ನಿಂತರೆ ಆಕಾಶ. ಧೂಳು ಕಾಫಿಯೊಳಗೂ ಇದೆ.

ಜೂನ್ ೨, ಸೋಮವಾರ

ಇಟ್ಟಿಗೆ ಎದೆಯೆತ್ತರಕ್ಕೆ ಬಂತು. ಬರೆಯಲು ಹೊತ್ತಿಲ್ಲ.

ಜೂನ್ ೧೪, ಶನಿವಾರ

ಇಂಜಿನಿಯರ್ ಕೊನೆಯ ಸಲ ಬಂದರು. ಹೊಸ ಗೋಡೆಯ ಮುಂದೆ ನಿಂತು, ಬಗ್ಗಿ, ಮೂಸಿ, ಗೆಣ್ಣಿನಿಂದ ಮೇಲೆ ತಟ್ಟಿದರು, ಕೆಳಗೆ ತಟ್ಟಿದರು, ಮೂಲೆಗೆ ಹೋಗಿ ಅಂಚನ್ನು ಉಗುರಿನಿಂದ ಕೆರೆದರು.

"ಗೋಡೇನೇ ಇಂಜಿನಿಯರ್ ಸಾಹೇಬ್ರೇ" ಎಂದೆ.

"ನೀವು ಹೇಳಿದ್ರೆ ನಂಬಲ್ಲ ಮೇಡಂ" ಎಂದು ಒಂದು ಗುದ್ದು ಗುದ್ದಿದರು. ಕೈ ನೋವಾಯಿತು. ಸಮಾಧಾನವಾಗಿ ಸಹಿ ಹಾಕಿ, ಈ ಸಲ ಕಾಫಿ ಕುಡಿದರು. ಉಳಿದ ಅರ್ಧ ಕಂತು ಈ ವಾರವೇ ಬರುತ್ತದೆ. ಆ ಬಟ್ಟೆಯನ್ನು ಏನು ಮಾಡಿದಿರಿ ಎಂದು ವಿಚಾರಿಸಿದರು. ಮೇಸ್ತ್ರಿ ಅದರ ಮೇಲೆ ಸಿಮೆಂಟು ಕಲಸುತ್ತಿರುವುದನ್ನು ತೋರಿಸಿದೆ.

ಅವರನ್ನು ಬೀಳ್ಕೊಡಲು ಗೇಟಿನವರೆಗೆ ಹೋದಾಗ ಪಕ್ಕದ ಮನೆಯ ನಿವೃತ್ತ ಟೀಚರ್ ಕಾಂಪೌಂಡಿನ ಆಚೆಯಿಂದ ಕರೆದರು. ಅವರು ಪಕ್ಕದ ಮನೆಗೆ ಬಂದು ಹದಿನಾರು ವರ್ಷವಾಯಿತು. ಸಿಕ್ಕಾಗ ತಲೆಯಾಡಿಸಿದ್ದು ಬಿಟ್ಟರೆ ಹೆಚ್ಚು ಮಾತಿಲ್ಲ.

"ನಿಮ್ಮನೆಗೆ ಹೊಸಬರು ಯಾರೋ ಬಂದಿದ್ದಾರೇನ್ರೀ?"

"ಇಲ್ವಲ್ಲ, ಯಾಕೆ?"

"ಎರಡು ತಿಂಗಳಿಂದ ಒಬ್ಬ ಹೆಂಗಸಿನ ದನಿ ಕೇಳಿಸ್ತಿದೆ. ನಿಮ್ಮ ಚಿಕ್ಕಮ್ಮಂದಲ್ಲ, ಅವರದು ನಂಗೆ ಗೊತ್ತು. ಇದು ಇನ್ನೂ ಗಟ್ಟಿ. ನಗೋದೂ ಕೇಳಿಸುತ್ತೆ."

ನನಗೆ ಹೊಳೆಯಲಿಲ್ಲ. ನಿಲ್ದಾಣದ ಮೈಕಿನ ಸದ್ದು ಗಾಳಿಗೆ ಇಲ್ಲಿಯವರೆಗೆ ತೇಲಿ ಬರುತ್ತಿರಬೇಕು ಎಂದೆ. ಅವರು ಇರಬಹುದು ಎಂದರು. ಚಿಕ್ಕಮ್ಮನಿಗೆ ಹೇಳಿದರೆ ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ರೇಡಿಯೋ ಆರಿಸಿ ಬಂದು ನನ್ನ ಪಕ್ಕ ಕೂತಳು. ವಿಚಿತ್ರದ ಹೆಂಗಸು.

ಇದನ್ನು ಬರೆಯುತ್ತಿರುವಾಗಲೇ ಮೇಸ್ತ್ರಿ ತಾರಸಿಯಿಂದ, ಹೊಸ ಗಾರೆಗೆ ಇವತ್ತೇ ನೀರು ಬಿಡಲಾ, ನಾಳೆಯಿಂದ ಬಿಡಲಾ ಎಂದು ಕೇಳುತ್ತಿದ್ದಾರೆ. ಕುರ್ಚಿಯಿಂದ ಏಳದೆ ಇಲ್ಲಿಂದಲೇ ಉತ್ತರ ಕೊಟ್ಟೆ.

ಒಂದೇ ಸಲಕ್ಕೆ ಕೇಳಿಸಿತು.